ಅರ್ಧ ಗಂಟೆ ಹಿಂದೆ

ದೇವನಹಳ್ಳಿ
ಡಿಸೆಂಬರ್ 15, 2024

ಕರಾಚಿಯಲ್ಲಿರೋ ಬಶೀರಕ್ಕನಿಗೆ,

ಕೋಟೆ ಬೀದಿ ರಾಮಾಂಜಿ ಮಾಡೋ ನಮಸ್ಕಾರ. ಸಲಾಮೂ ಸೇರಿಸ್ಕೋ, ಎರಡೂ ಒಂದೇ ಸ್ಟಾಂಪಲ್ಲಿ ಹೋಗ್ತವೆ.

ತಿಂಗಳಿಗೊಂದು ಭಾನುವಾರ ಕಂಪ್ಯೂಟರಲ್ಲಿ ಮುಖ ನೋಡ್ತೀವಲ್ಲ, ಮತ್ತೆ ಕಾಗದ ಯಾಕೋ ಅಂತೀಯ. ಅಲ್ಲಿ ನಮ್ಮ ಹೆಡ್‌ಮಾಸ್ಟರ್ ವೆಂಕಟರಮಣಪ್ಪನವರು ನನಗೆ ಬಾಯಿ ಬಿಡೋಕೆ ಬಿಡಲ್ಲ. ರಿಟೈರಾಗಿ ಎಷ್ಟು ವರ್ಷ ಆಯ್ತೋ, ಬೆತ್ತ ಮಾತ್ರ ಇನ್ನೂ ನಾಲಿಗೇಲಿದೆ. "ರಾಮಾಂಜಿನಪ್ಪಾ, ಇದು ಎರಡು ದೇಶದ ವಿಷಯ, ನಿನ್ನ ವಾಚ್ ರಿಪೇರಿ ಅಂಗಡಿಯಲ್ಲ" ಅಂತಾರೆ. ಒಬ್ಬರು ಒಂದು ನಿಮಿಷ ತಡವಾಗಿ ಬಂದ್ರೂ ಬಾಗಿಲಲ್ಲೇ ನಿಲ್ಲಿಸಿ ಕ್ಲಾಸ್ ತಗೋತಾರೆ. ಅದಕ್ಕೇ ನಮ್ಮ ಈ ಭಾನುವಾರದ ಕೂಟಕ್ಕೆ ನಾನು 'ಗಡಿಯಾರ' ಅಂತ ಹೆಸರು ಕೊಟ್ಟಿದ್ದು. ಟೈಮಿಗೆ ಮರ್ಯಾದೆ ಅಂತ ಖುಷಿಯಾಗಿ ಒಪ್ಪಿದ್ರು. ಬಿಡಿಸಿ ಓದಿದ್ರೆ 'ಗಡಿ ಯಾರ?' ಅಂತ ಆಗ್ತದೆ ಅನ್ನೋದು ಅವರಿಗೆ ಹೊಳೆಯೋ ಹೊತ್ತಿಗೆ ಬ್ಯಾನರ್ ಪ್ರಿಂಟಾಗಿತ್ತು.

ಈಗ ಸುದ್ದಿ ಕೇಳು. ನಾವು ವೀಸಾ ಕೇಳಿ ಕೇಳಿ ವೀಸದಷ್ಟೂ ಸಿಗಲಿಲ್ಲ. ಅದಕ್ಕೆ ಏಪ್ರಿಲ್ ಐದಕ್ಕೆ ಕಠ್ಮಂಡು. ನೇಪಾಳ ಅನ್ನೋದು ಒಂದು ನೆಪ. ಈ ಕಡೆಯಿಂದ ಐದು ಜನ, ನಿಮ್ಮ ಕಡೆಯಿಂದ ಐದು ಜನ. ಅರವತ್ತೈದು ದಾಟಿದ ಒಡಹುಟ್ಟಿದವರು ವರ್ಷಕ್ಕೊಂದು ಸಲ ನೋಡ್ಕೊಂಡು ಬರೋಕೆ ಬಿಡಿ ಅಂತ ಎರಡು ಸರ್ಕಾರಕ್ಕೂ ಒಂದೇ ಮನವಿ ಬರೆದು ಅಲ್ಲಿ ರುಜು ಹಾಕೋದು. ದೊಡ್ಡೋರು ಮಾತು ಬಿಟ್ಟಾಗ ಮನೆಯೋರಾದ್ರೂ ಮಾತಾಡಬೇಕು, ಅಷ್ಟೇ ನಮ್ಮ ರಾಜಕೀಯ.

ನಮ್ಮ ಪಟ್ಟೀಲಿ ಮೊದಲ ಹೆಸರು ನಿನ್ನ ತಮ್ಮ ಗುಲಾಮ್ ರಸೂಲಂದು. ನೀನು ಕೊನೇ ಸಲ ಊರಿಗೆ ಬಂದು ಹತ್ತೊಂಬತ್ತು ವರ್ಷ ಆಗ್ತಾ ಬಂತಲ್ಲ. ಪ್ರತಿ ಸಲ ಕೇಳ್ತಾನೆ: "ಲೇ, ಅಕ್ಕನ ಹತ್ರ ಈಗ ಎಷ್ಟು ಗಂಟೆ?" ನಾನು "ಅರ್ಧ ಗಂಟೆ ಹಿಂದೆ ಕಣೋ" ಅಂತೀನಿ. "ಅಂದ್ರೆ ನಾನು ಈಗ ಕುಡಿದ ಟೀ ಅವಳಿನ್ನೂ ಕುಡಿದಿಲ್ವಾ?" ಅಂತಾನೆ. ಇಂಥೋನು ಇಷ್ಟು ವರ್ಷ ರೇಷ್ಮೆ ವ್ಯಾಪಾರ ಹೆಂಗೆ ಮಾಡಿದ್ನೋ.

ಕರಾಚಿಯೋರು ಕರ ಚಾಚಿದ್ದೀರ. ನಾವು ಬಿಡಲ್ಲ.

ಇಂತಿ ನಿನ್ನ ಹಳೇ ಮುಳ್ಳು
(ಗಡಿಯಾರದ್ದು, ಕಾಲಿಗೆ ಚುಚ್ಚೋದಲ್ಲ)
ರಾಮಾಂಜಿ


ಕರಾಚಿ
ಜನವರಿ 19, 2025

ತಮ್ಮಾ ರಾಮಾಂಜಿ,

ನಿನ್ನ ಕಾಗದ ಬಂತು. ಯಾರೋ ಬಿಚ್ಚಿ ಓದಿ ಮತ್ತೆ ಅಂಟಿಸವ್ರೆ. ನಿನ್ನ ಕೋಳಿಗಾಲು ಅಕ್ಷರ ಓದಿ ಅರ್ಥ ಮಾಡ್ಕೊಂಡಿದ್ರೆ ಆ ಸಾಹೇಬ್ರಿಗೆ ನಾನೇ ಬಿರಿಯಾನಿ ಕಳಿಸ್ತೀನಿ.

ಇಲ್ಲಿ ನಂಗೆ ಕನ್ನಡ ಮಾತಾಡೋಕೆ ಯಾರೂ ಇಲ್ಲ. ಅಡಿಗೆಮನೆನಾಗೆ ಪಾತ್ರೆ ಬಯ್ಯೋಕೆ ಮಾತ್ರ ಉಳಿಸ್ಕೊಂಡಿದೀನಿ. ಅದಕ್ಕೇ ಕೂಟದಾಗೆ ತಪ್ಪಾಗ್ತದೆ. ಹೋದ ತಿಂಗಳು ಹೆಡ್‌ಮಾಸ್ತರಿಗೆ "ತಶ್ರೀಫ್ ಇಡಿ" ಅಂದ್ಬಿಟ್ಟೆ. ಕೂತ್ಕೊಳಿ ಅನ್ನೋಕೆ ಬಾಯಿಗೆ ಅದೇ ಬಂತು. ನೀನು ಮೂಲೆನಾಗೆ ಕೂತು ನಗ್ತಿದ್ದೆ, ನೋಡ್ದೆ. ನಗು, ಪರ್ವಾ ಇಲ್ಲ. ಆದ್ರೂ ಈ ಭಾಷೆ ಬಿಡೋಕೆ ನಂಗೆ ಇಷ್ಟ ಇಲ್ಲ. ಗುಲಾಮನ ಹತ್ರ ಉರ್ದುನಾಗೆ ಮಾತಾಡಿದ್ರೆ ಇಬ್ಬರೂ ದೊಡ್ಡೋರಾಗಿಬಿಡ್ತೀವಿ. ಕನ್ನಡದಾಗೆ ಇನ್ನೂ ಜಗಳ ಆಡಬಹುದು.

ಈಗ ತಮಾಷೆ ಬಿಟ್ಟು ಕೇಳು. ನಮ್ಮ ಕಡೆ ಮುಂದಾಳು ಡಾಕ್ಟರ್ ಸಾಹಿಬಾ. ಹಿಂದೆ ಒಂದು ಸಲ ಬೇರೆ ಕೂಟದ ಜೊತೆ ಪರದೇಶಕ್ಕೆ ಹೋಗಿದ್ರಂತೆ. ನಿಮ್ಮ ದೇಶದೋರು ಕೊನೇ ಗಳಿಗೆನಾಗೆ ಬರಲೇ ಇಲ್ಲವಂತೆ. ಹೋಟೆಲಿನಾಗೆ ಖಾಲಿ ಕುರ್ಚಿ ಮುಂದೆ ಕೂತು ಬಂದವ್ರೆ. "ಬಶೀರಾ, ಇವರೂ ಹಂಗೇ ಮಾಡ್ತಾರೆ" ಅಂದ್ರು. ನಾನು ನಾಲ್ಕು ಜನರ ಮುಂದೆ, "ಅದು ನನ್ನ ತವರು. ಬರ್ತೀವಿ ಅಂದ್ರೆ ಬರ್ತಾರೆ, ಜವಾಬ್ದಾರಿ ನಂದು" ಅಂದ್ಬಿಟ್ಟೆ.

ಫೆಬ್ರವರಿ ಇಪ್ಪತ್ಮೂರು, ಭಾನುವಾರ, ರಂಜಾನ್ ಮುಂಚೆ ಕೊನೇ ಮಾತುಕತೆ. ನಿಮ್ಮ ನಾಲ್ಕು ಗಂಟೆ, ನಮ್ಮ ಮೂರೂವರೆ. ಮನವಿ ಓದಿ ಒಪ್ಪಿದ್ರೆ ಅವತ್ತೇ ಸಾಯಂಕಾಲ ಟಿಕೆಟ್ ತಗೋತಾರೆ. ಟೈಮಿಗೆ ಬನ್ನಿ. ನನ್ನ ಮಾತು ನಿಮ್ಮ ಕೈಲೈತೆ.

ಗುಲಾಮ ನನ್ನ ಮುಖ ಕಂಡ್ರೆ ಅಳ್ತಾನೆ. ಕಠ್ಮಂಡುನಾಗೆ ಅವನನ್ನ ನಗಿಸೋ ಕೆಲಸ ನಿಂದು.

ದುವಾ ಮಾಡೋ
ಬಶೀರಕ್ಕ


ದೇವನಹಳ್ಳಿ
ಮಾರ್ಚ್ 2, 2025

ಲೇ ಗುಲಾಮಾ,

ಫೋನ್ ಮಾಡಿದ್ರೆ ಯಾವಳೋ ಇಂಗ್ಲಿಷಲ್ಲಿ ಮಾತಾಡ್ತಾಳೆ. ಸೊಸೆ ಸುಮೇರಾ ಅಲ್ಲ ಅಂತ ಗೊತ್ತು, ಅವಳು ನನ್ನ ಹತ್ರ ಅಷ್ಟು ಮರ್ಯಾದೆಯಾಗಿ ಯಾವತ್ತು ಮಾತಾಡಿದ್ಲು? ದಾಬಸ್‌ಪೇಟೆಗೆ ಬಂದು ನಿನ್ನ ಮಗನ ಮನೆ ಬಾಗಿಲು ತಟ್ಟೋಣ ಅಂತ ನೆಲಮಂಗಲದ ತನಕ ಬಂದಿದ್ದೆ. ಅಲ್ಲೇ ಬಸ್ ಸ್ಟ್ಯಾಂಡಲ್ಲಿ ಕೂತು ವಾಪಸ್ ಬಂದ್ಬಿಟ್ಟೆ. ನೀನು ಬಾಗಿಲು ತೆಗೆದ್ರೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ.

ನಡೆದದ್ದು ಹೇಳಿಬಿಡ್ತೀನಿ. ಹೆಡ್‌ಮಾಸ್ಟರ ವಾಚು ನನ್ನ ಅಂಗಡೀಲಿ ರಿಪೇರಿಗೆ ಬಿದ್ದಿತ್ತು. ಅವತ್ತು ಕೂಟ ಸೇರೋ ಹಾಲಿಗೆ ಎಲ್ಲರಿಗಿಂತ ಮೊದಲು ಹೋದವನು ನಾನೇ. ಸ್ಟೂಲ್ ಹತ್ತಿ ಗೋಡೆ ಗಡಿಯಾರದ ಮುಳ್ಳನ್ನ ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿಬಿಟ್ಟೆ. ಊರಿಗೆಲ್ಲ ಟೈಮ್ ಪಾಠ ಹೇಳೋ ಮನುಷ್ಯ ಒಂದೇ ಒಂದು ಸಲ ಲೇಟಾಗಲಿ ಅಂತ. ಆಗ ನಾನು ಎದ್ದು ನಿಂತು, "ಸಾರ್, ತಾವು ಕೂತಲ್ಲೇ ಪಾಕಿಸ್ತಾನಕ್ಕೆ ಹೋಗಿದ್ದೀರ, ಅಲ್ಲಿ ಈಗ ಇಷ್ಟೇ ಗಂಟೆ" ಅನ್ನಬೇಕು. ಇಷ್ಟೇ ಕಣೋ. ಐದು ನಿಮಿಷದ ತಮಾಷೆ.

ಕಂಪ್ಯೂಟರ್ ನೋಡ್ಕೊಳ್ಳೋ ಹುಡುಗ ಮನೋಹರ ಎಲ್ಲಾ ಹಾಕಿಟ್ಟು ಕ್ಯಾಮೆರಾ ಮೇಲಿನ ಮುಚ್ಚಳ ಹಂಗೇ ಬಿಟ್ಟು, "ನಾಲ್ಕಕ್ಕೆ ತೆಗೆದ್ಕೊಳಿ ಸಾರ್, ಸೌಂಡೂ ಆಮೇಲೆ ಏರಿಸ್ಕೊಳಿ" ಅಂತ ಹೇಳಿ ಹೋದ. ನಾವು ಟೀ ಟೇಬಲ್ ಹತ್ರ ಕೂತ್ವಿ. ಬೈಲಪ್ಪ, ಭೀಮರಾಜು, ಯಾರೂ ಮೊಬೈಲ್ ತೆಗೀಲಿಲ್ಲ. ಹೆಡ್‌ಮಾಸ್ಟರೇ ಆರಾಮಾಗಿ ಬೋಂಡಾ ತಿಂತಿರೋವಾಗ ಟೈಮ್ ಯಾರು ನೋಡ್ತಾರೆ? ಐದು ನಿಮಿಷಕ್ಕೆ ಹೇಳಿಬಿಡೋಣ ಅಂತಲೇ ಇದ್ದೆ. ಅಷ್ಟರಲ್ಲಿ ನಾನು ಏನೋ ನಾಟಕ ಶುರು ಮಾಡ್ದೆ, ನೀನು ಪಂಚೆ ಮೇಲೆ ಟೀ ಚೆಲ್ಕೊಂಡು ನಕ್ಕೆ. ನೀನು ಹಂಗೆ ನಕ್ಕು ಎಷ್ಟು ವರ್ಷ ಆಗಿತ್ತೋ. ನಿಲ್ಲಿಸೋಕೆ ಮನಸ್ಸಾಗಲಿಲ್ಲ.

ಆಮೇಲೆ ಹೆಡ್‌ಮಾಸ್ಟರು ಗೋಡೆ ನೋಡಿ "ನಾಲ್ಕಾಯ್ತು" ಅಂತ ಹೋಗಿ ಕೂತ್ರು. ಆ ಕಡೆ ಯಾರೂ ಇಲ್ಲ. ಇಂಗ್ಲಿಷಲ್ಲಿ ಒಂದೇ ಸಾಲು ಬಿದ್ದಿತ್ತು, 'ನೀವು ಬರಲಿಲ್ಲ' ಅಂತ. ಅವರು ಭೀಮರಾಜನ ಮೊಬೈಲ್ ನೋಡಿದ್ರು, ಗೋಡೆ ನೋಡಿದ್ರು, ಆಮೇಲೆ ನನ್ನ ನೋಡಿದ್ರು. ಬೈಲಿಲ್ಲ ಕಣೋ. ಬೈದಿದ್ರೆ ಚೆನ್ನಾಗಿತ್ತು. ನೀನು ಚಪ್ಪಲಿ ಹಾಕ್ಕೊಂಡು ಎದ್ದು ಹೋದೆ.

ಜೀವನವೆಲ್ಲ ಎಲ್ಲರ ಕಾಲೆಳೆದೋನು ನಾನು. ಅವತ್ತು ಕಾಲವನ್ನೇ ಎಳೆಯೋಕೆ ಹೋದೆ.

ಅಕ್ಕನಿಗೆ ಕರೆಂಟ್ ಹೋಗಿತ್ತು ಅಂತ ಬರೀತೀನಿ. ನಿಜ ಹೇಳಿದ್ರೆ ಅವಳ ಮಾನ ಹೋಗ್ತದೆ. ಬೇಡ ಅಂತಿದ್ರೆ ಫೋನ್ ಎತ್ತು. ಬೈಯೋಕಾದ್ರೂ ಎತ್ತು.

ರಾಮಾಂಜಿ


ದೇವನಹಳ್ಳಿ
ಮಾರ್ಚ್ 9, 2025

ಬಶೀರಕ್ಕನಿಗೆ ನಮಸ್ಕಾರ.

ಅವತ್ತು ನಮ್ಮಿಂದ ಆದ ತೊಂದರೆಗೆ ಕ್ಷಮೆ ಇರಲಿ. ಸರಿಯಾಗಿ ನಾಲ್ಕಕ್ಕೆ ಐದು ನಿಮಿಷ ಇದ್ದಾಗ ಟ್ರಾನ್ಸ್‌ಫಾರ್ಮರ್ ಢಂ ಅಂತು. ಇಡೀ ಬೀದಿಗೆ ಕರೆಂಟ್ ಇಲ್ಲ. ನಾವೆಲ್ಲ ಸೆಕೇಲಿ ಕೂತು ಒದ್ದಾಡ್ತಿದ್ವಿ. ಹೆಡ್‌ಮಾಸ್ಟರಂತೂ ಬೆವತು ಹೋದ್ರು. ಕರೆಂಟ್ ಬರೋ ಹೊತ್ತಿಗೆ ನೀವೆಲ್ಲ ಹೋಗಿದ್ರಿ.

ಬಹಿಷ್ಕಾರ, ಗಿಹಿಷ್ಕಾರ ಏನೂ ಅಲ್ಲ ಅಂತ ನಿಮ್ಮ ಡಾಕ್ಟರಮ್ಮನಿಗೆ ದಯವಿಟ್ಟು ಹೇಳು. ಏಪ್ರಿಲ್ ಐದನ್ನ ತಪ್ಪಿಸಬೇಡಿ ಅನ್ನು. ಗುಲಾಮ್ ಚೆನ್ನಾಗಿದ್ದಾನೆ.

ಇಂತಿ
ರಾಮಾಂಜಿ


ಕರಾಚಿ
ಏಪ್ರಿಲ್ 8, 2025

ರಾಮಾಂಜಿನಪ್ಪನಿಗೆ,

ಕರೆಂಟ್ ಹೋಗಿತ್ತು ಅಂತ ಬರೆದಿದ್ದೀಯ. ಸರಿ. ಎಲ್ಲರಿಗೂ ಹಂಗೇ ಓದಿ ಹೇಳ್ದೆ.

ಡಾಕ್ಟರ್ ಸಾಹಿಬಾ "ಪಾಪ, ನಮ್ಮಲ್ಲೂ ಹೋಗ್ತದಲ್ಲ" ಅಂದ್ರು. ಆದ್ರೆ ನಿನ್ನ ಕಾಗದ ಬರೋ ಹೊತ್ತಿಗೆ ತಡವಾಗಿತ್ತು. ಟಿಕೆಟ್ ತಗೊಂಡಿರಲಿಲ್ಲ, ಅವರವರು ಬೇರೆ ಬೇರೆ ಕೆಲಸ ಇಟ್ಕೊಂಡುಬಿಟ್ಟಿದ್ರು. ಈಗ ಮೇ ಹತ್ತಕ್ಕೆ ಹೋಗೋಣ ಅಂತ ಗೊತ್ತಾಗೈತೆ. ಹೆಡ್‌ಮಾಸ್ತರಿಗೆ ತಿಳಿಸು.

ಐದನೇ ತಾರೀಕು ನಾನು ಮನೆನಾಗೇ ಇದ್ದೆ. ಏನು ಮಾಡಬೇಕು ಅಂತ ತೋಚಲಿಲ್ಲ. ಪೆಟ್ಟಿಗೆಯಿಂದ ಬಟ್ಟೆ ತೆಗೆದು ಮತ್ತೆ ಬೀರುನಾಗೆ ಇಟ್ಟೆ.

ಇನ್ನು ಮೇಲೆ ಕೂಟದಾಗೆ ನಾನು ಉರ್ದುನಾಗೇ ಮಾತಾಡ್ತೀನಿ. ನಿಮಗೆ ಅರ್ಥ ಆಗದಿದ್ರೆ ಗುಲಾಮ ಹೇಳ್ತಾನೆ.

ಬಶೀರುನ್ನೀಸಾ


ದಾಬಸ್‌ಪೇಟೆ
ಜೂನ್ 12, 2025

ರಾಮಾಂಜಿ,

ನಿನ್ನ ಕಾಗದಕ್ಕೆ ಉತ್ತರ ಬರೆಯೋಕೆ ಮೂರು ತಿಂಗಳು ಆಯಿತು. ಕೋಪ ಅಂತ ತಿಳ್ಕೊಂಡಿರ್ತೀಯ. ಕೋಪ ಅಲ್ಲ.

ಏಪ್ರಿಲ್‌ನಲ್ಲಿ ಪಹಲ್ಗಾಮಿನಲ್ಲಿ ಆ ಪಾಪದ ಜನ ಸತ್ತರು. ಟಿವಿ ಮುಂದೆ ಕೂತು ನಾನೂ ಅತ್ತೆ. ನಾನು ಅಳ್ತೀನೋ ಇಲ್ಲವೋ ಅಂತ ನೋಡೋಕೆ ಬಂದವರೂ ಇದ್ದರು. ಆಮೇಲೆ ವಿಮಾನ ನಿಂತವು, ಟಪಾಲು ನಿಂತಿತು. ಮೇ ಹತ್ತು ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಇಮ್ರಾನ್ ಗೋದಾಮಿನಲ್ಲಿ ಸೂಪರ್‌ವೈಸರ್. "ಅಪ್ಪಾ, ಕರಾಚಿ ನಂಬರ್ ಮುಟ್ಟಬೇಡಿ, ನನ್ನ ಕೆಲಸಕ್ಕೆ ಕುತ್ತು" ಅಂದ. ಹೆದರಿ ಹೇಳಿದ ಮಾತು, ತಪ್ಪು ಅನ್ನೋಕೆ ಆಗಲ್ಲ. ಅಕ್ಕನ ನಂಬರ್ ತೆಗೆಸಿಬಿಟ್ಟ.

ಏಪ್ರಿಲ್ ಐದಕ್ಕೆ ಹೋಗಿದ್ದರೆ ಇದೆಲ್ಲ ಶುರುವಾಗೋ ಮುಂಚೆ ನೋಡಿಕೊಂಡು ಬಂದಿರ್ತಿದ್ವಿ. ನೀನೂ ಇದನ್ನೇ ಲೆಕ್ಕ ಹಾಕ್ತಾ ಕೂತಿರ್ತೀಯ, ನನಗೆ ಗೊತ್ತು. ಆದರೆ ನಿನಗೆ ಗೊತ್ತಿಲ್ಲದ್ದು ಒಂದಿದೆ.

ನೀನು ಸ್ಟೂಲ್ ಹತ್ತಿ ಮುಳ್ಳು ತಿರುಗಿಸಿದ್ದು ನಾನು ನೋಡಿದೆ ಕಣೋ. ಕಿಟಕಿ ಆಚೆ ಚಪ್ಪಲಿ ಬಿಡ್ತಿದ್ದೆ. ನನ್ನ ಮೊಬೈಲಲ್ಲಿ ಸರಿಯಾದ ಟೈಮ್ ಇತ್ತು. ನಾಲ್ಕು ಆದಾಗ ತೆಗೆದು ನೋಡಿದೆ. ನೋಡಿ ಜೇಬಿಗೆ ಹಾಕಿಕೊಂಡೆ. ಹೆಡ್‌ಮಾಸ್ಟರ್ ಪೆಚ್ಚಾಗೋದನ್ನ ನೋಡಬೇಕು ಅಂತ ನನಗೂ ಆಸೆ. ಹೊರಗಿನವರು ಕಾಯ್ತಿದ್ದಿದ್ದರೆ ಎದ್ದಿರ್ತಿದ್ದೆನೇನೋ. ಅಕ್ಕ ತಾನೇ, ಕಾಯ್ತಾಳೆ ಅಂದುಕೊಂಡೆ.

ನಿನ್ನ ನಾಟಕ ಏನು ಅಂತ ನೀನು ಕಾಗದದಲ್ಲಿ ಬರೆದಿಲ್ಲ. ನಾನು ಬರೀತೀನಿ. ತಲೆ ಮೇಲೆ ಟವೆಲ್ ಹೊದ್ದುಕೊಂಡು ಅಕ್ಕನ ಥರ ಮಾತಾಡಿ ತೋರಿಸಿದೆ. ನಾನು ನಕ್ಕೆ. "ಇನ್ನೊಂದು ಸಲ ಮಾಡೋ" ಅಂದವನೂ ನಾನೇ.

ಮೊನ್ನೆ ಅರಿಶಿನಕುಂಟೆ ಹತ್ರ ಮನೋಹರ್ ಸಿಕ್ಕಿದ್ದ. ಮಾತಿಗೆ ಮಾತು ಬಂದು ಹೇಳಿದ, ಆ ಮೆಷಿನ್ ಅವತ್ತು ನಾಲ್ಕಕ್ಕೆ ಮುಂಚಿನಿಂದ ಆನ್ ಆಗಿತ್ತಂತೆ. ಚಿತ್ರ ಹೋಗ್ತಿರಲಿಲ್ಲ, ನಮ್ಮ ಧ್ವನಿ ಮಾತ್ರ ಹೋಗ್ತಿತ್ತಂತೆ. ಅಲ್ಲಿ ಕನ್ನಡ ಬರೋದು ಒಬ್ಬಳಿಗೇ.

ಅಕ್ಕನಿಗೆ ಕೇಳಿಸಿತಾ? ಇದೊಂದು ಗೊತ್ತಾಗಬೇಕು. ಅವಳ ಮೊಮ್ಮಗಳು ನೌರೀನ್ ಶಾರ್ಜಾದಲ್ಲಿ ನರ್ಸ್, ವಿಳಾಸ ಹಿಂದುಗಡೆ ಬರೆದಿದ್ದೀನಿ. ಅವಳ ಮೂಲಕ ಕಳಿಸಿದರೆ ಮುಟ್ಟುತ್ತದೆ. ಕೇಳೋ ಧೈರ್ಯ ನನಗಿಲ್ಲ. ನೀನು ಕೇಳು.

ಗುಲಾಮ್ ರಸೂಲ್


ದೇವನಹಳ್ಳಿ
ಜೂನ್ 22, 2025

ಬಶೀರಕ್ಕ,

ಈ ಕಾಗದದಲ್ಲಿ ತಮಾಷೆ ಇಲ್ಲ, ಹುಡುಕಬೇಡ.

ಅವತ್ತು ಕರೆಂಟ್ ಹೋಗಿರಲಿಲ್ಲ. ಹೆಡ್‌ಮಾಸ್ಟರನ್ನ ಆಡ್ಕೊಳ್ಳೋಕೆ ನಾನೇ ಗೋಡೆ ಗಡಿಯಾರವನ್ನ ಅರ್ಧ ಗಂಟೆ ಹಿಂದಕ್ಕೆ ಇಟ್ಟಿದ್ದೆ. ನೀನು ನಾಲ್ಕು ಜನರ ಮುಂದೆ ನಮ್ಮ ಪರವಾಗಿ ಮಾತು ಕೊಟ್ಟಿದ್ದೆ ಅಂತ ನನಗೆ ಗೊತ್ತಿತ್ತು. ನಿನ್ನ ಕಾಗದ ಜೇಬಲ್ಲೇ ಇತ್ತು. ಅದನ್ನ ಇಟ್ಕೊಂಡೇ ಸ್ಟೂಲ್ ಹತ್ತಿದೆ.

ಆ ಅರ್ಧ ಗಂಟೇಲಿ ನಾನು ನಿನ್ನ ಕನ್ನಡ ಅಣಕಿಸಿದೆ. ಜನರನ್ನ ನಗಿಸೋದು ನನಗೆ ಉಬ್ಬಸದ ಥರ, ಬಂದ್ರೆ ತಡ್ಕೊಳ್ಳೋಕೆ ಆಗಲ್ಲ. ಇದು ನೆಪ ಅಂತ ಗೊತ್ತು. ಎದುರಿಗೆ ಕೂತು ಅಣಕಿಸಿದ್ರೆ ನೀನು ಮೊಟಕ್ತಿದ್ದೆ, ಸರಿಹೋಗ್ತಿತ್ತು. ನೀನಿಲ್ಲದ ಕಡೆ ಮಾಡಿದೆ.

ಅಂಗಡಿ ಬಾಗಿಲು ತೆಗೀತೀನಿ, ಯಾರ ಹತ್ರಾನೂ ಮಾತಾಡಲ್ಲ. ಜನ ಹುಷಾರಿಲ್ವಾ ಅಂತ ಕೇಳ್ತಾರೆ. ಹೆಡ್‌ಮಾಸ್ಟರ್ ಬಂದು ಅವರ ವಾಚ್ ತಗೊಂಡು ಹೋದ್ರು. "ಎಷ್ಟಾಯ್ತು?" ಅಂದ್ರು. ಏನೂ ಬೇಡ ಸಾರ್ ಅಂದೆ. "ಕೆಲಸಕ್ಕೆ ಕೂಲಿ ತಗೊಳಯ್ಯ, ಕನಿಕರಕ್ಕೆ ಬಂದಿಲ್ಲ ನಾನು" ಅಂದ್ರು. ಆಮೇಲೆ ಬಾಗಿಲಲ್ಲಿ ನಿಂತು, "ಬ್ಯಾನರ್ ಮಡಚಿಟ್ಟಿದ್ದೀನಿ. ಎಸೆದಿಲ್ಲ" ಅಂದ್ರು.

ಕ್ಷಮೆ ಕೇಳೋಕೆ ಬರೀತಿದ್ದೀನೋ, ಎದೆ ಭಾರ ನಿನ್ನ ತಲೆ ಮೇಲೆ ಇಳಿಸೋಕೆ ಬರೀತಿದ್ದೀನೋ ನನಗೇ ತಿಳೀದು. ಆದ್ರೆ ಒಂದು ಕೇಳಲೇಬೇಕು. ಗುಲಾಮ್ ಕೇಳು ಅಂದಿದ್ದಾನೆ. ನಮ್ಮ ಧ್ವನಿ ಆ ಕಡೆ ಬರ್ತಿತ್ತಂತೆ. ನಿನಗೆ ಕೇಳಿಸಿತಾ ಅಕ್ಕ?

ರಾಮಾಂಜಿನಪ್ಪ


ಕರಾಚಿ
ಆಗಸ್ಟ್ 17, 2025

ರಾಮಾಂಜಿ,

ನೌರೀನ್ ನಿನ್ನ ಕಾಗದ ಕಳಿಸಿದ್ಲು. ಉತ್ತರ ಬರೆಯೋದೋ ಬೇಡವೋ ಅಂತ ಬಾಳಾ ದಿನ ಯೋಚನೆ ಮಾಡ್ದೆ.

ಕೇಳಿಸ್ತು.

ನಂಗೆ ಕಿವಿ ಮಂದ. ಕೂಟದ ದಿನ ನಾನೊಬ್ಬಳೇ ಕಿವಿಗೆ ವೈರ್ ಸಿಕ್ಕಿಸ್ಕೊಂಡು ಕೂರ್ತೀನಿ. ಅದು ಸಿಕ್ಕಿಸಿದ್ರೆ ಬೇರೆಯೋರಿಗೆ ಏನೂ ಕೇಳಲ್ಲ. ನೀವು ಕನ್ನಡದಾಗೆ ಹೇಳಿದ್ದನ್ನ ನಾನು ಕೇಳಿ ಅವರಿಗೆ ಹೇಳೋದು. ಅವತ್ತು ಪರದೆ ಕಪ್ಪಗಿತ್ತು. ಕಿವಿನಾಗೆ ಲೋಟದ ಶಬ್ದ ಬಂತು, ಯಾರೋ "ಬೋಂಡಾ ಬಿಸಿ ಐತೆ, ನೋಡ್ಕಂಡ್ ತಿನ್ರೋ" ಅಂದ್ರು. ನಂಗೆ ಎಷ್ಟು ಸಂತೋಷ ಆಯ್ತು ಗೊತ್ತಾ. ಕ್ಯಾಮೆರಾ ಮುಂದೆ ಎಲ್ಲರೂ ಭಾಷಣದ ಥರ ಮಾತಾಡ್ತೀರ. ಯಾರೂ ನೋಡ್ತಿಲ್ಲ ಅಂತ ಜನ ಆಡೋ ಕನ್ನಡ ನಾನು ಕೇಳಿ ಎಷ್ಟು ಕಾಲ ಆಗಿತ್ತೋ. "ಗುಲಾಮೂ" ಅಂತ ಕೂಗ್ದೆ. ಎರಡು ಸಲ ಕೂಗ್ದೆ. ಯಾರೂ ಓಗೊಡಲಿಲ್ಲ.

ಆಮೇಲೆ ನಿನ್ನ ನಾಟಕ ಶುರುವಾಯ್ತು. ಚೆನ್ನಾಗಿ ಮಾಡ್ತೀಯ. ಯಾವಳೋ ಮುದುಕಿ ಅಂತ ನಾನೂ ನಕ್ಕುಬಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಅದು ನಾನು ಅಂತ ಗೊತ್ತಾಯ್ತು.

ಡಾಕ್ಟರ್ ಸಾಹಿಬಾ ಕೇಳಿದ್ರು, "ಬಶೀರಾ, ನಗ್ತಿದ್ದೀಯ, ಅವರು ಬಂದ್ರಾ?" ಅಂತ. ನಾನು, "ಇಲ್ಲ, ಏನೂ ಕೇಳಿಸ್ತಿಲ್ಲ" ಅಂದೆ. ಅದಕ್ಕೇ ಅವರು ಎದ್ದರು. ಇದ್ದಾರೆ, ಟೀ ಕುಡೀತಿದ್ದಾರೆ, ಒಂದು ಗಳಿಗೆ ಕಾಯೋಣ ಅಂದಿದ್ರೆ ಕಾಯ್ತಿದ್ರು. ಒಳ್ಳೆ ಹೆಂಗಸು. ಆದ್ರೆ ಅವರು ನನ್ನ ಕಿವಿಯಿಂದ ವೈರ್ ತೆಗೆದು ತಾವು ಕೇಳಿಸ್ಕೊಂಡ್ರೆ, ಮಾತು ಅರ್ಥ ಆಗದಿದ್ರೂ ನಗು ಅರ್ಥ ಆಗ್ತಿತ್ತು. ನಂಗೆ ನಾಚಿಕೆ ಆಯ್ತು. ನಾಚಿಕೆಗೆ ಇಲ್ಲ ಅಂದ್ಬಿಟ್ಟೆ. ನೀನು ಮುಳ್ಳು ತಿರುಗಿಸ್ದೆ, ಬಾಗಿಲು ಹಾಕಿದೋಳು ನಾನು. ಇದನ್ನ ಇಲ್ಲಿ ಯಾರಿಗೂ ಹೇಳಿಲ್ಲ, ಹೇಳೋಕೂ ಆಗಲ್ಲ.

ಗುಲಾಮ ನನ್ನ ನೋಡಿದ್ರೆ ಅಳೋನು ಅಂತಲೇ ತಿಳ್ಕೊಂಡಿದ್ದೆ. "ಇನ್ನೊಂದು ಸಲ ಮಾಡೋ" ಅಂದದ್ದೂ ಕೇಳಿಸ್ತು. ಅವನ ಧ್ವನಿ ನಂಗೆ ಗೊತ್ತಾಗಲ್ವಾ?

ಅವನಿಗೆ ಹೇಳಬೇಡ. ಅಕ್ಕನಿಗೆ ಏನೂ ಕೇಳಿಸಲಿಲ್ಲ ಅನ್ನು. ಕರೆಂಟ್ ವಿಷಯ ಎಷ್ಟು ಚೆನ್ನಾಗಿ ಬರೆದಿದ್ದೆ, ಹಂಗೇ ಇದನ್ನೂ ಬರಿ. ಅವನು ಅಳುಬುರುಕ, ತಡ್ಕೊಳಲ್ಲ. ನೀನು ತಡ್ಕೋತೀಯ. ತಡ್ಕೋಬೇಕು.

ಬಶೀರುನ್ನೀಸಾ


ದೇವನಹಳ್ಳಿ
ಸೆಪ್ಟೆಂಬರ್ 7, 2025

ಲೇ ಗುಲಾಮಾ,

ಅಕ್ಕನ ಉತ್ತರ ಬಂತು. ಏಳು, ಮುಖ ತೊಳ್ಕೊ, ಸುಮೇರಾ ಕೈಲಿ ಒಂದು ಒಳ್ಳೆ ಟೀ ಮಾಡಿಸ್ಕೊಂಡು ಆಮೇಲೆ ಓದು.

ಅವತ್ತು ಅವಳ ಕಿವಿ ವೈರೇ ಕೆಟ್ಟಿತ್ತಂತೆ. ಬರೀ ಗುಂಯ್ ಅಂತ ಸದ್ದಂತೆ. ನಾನು ರಿಪೇರಿಯೋನು ತಾನೇ, ಅಲ್ಲೇ ಇದ್ದಿದ್ರೆ ಸರಿ ಮಾಡಿಕೊಡ್ತಿದ್ದೆ, ನಮ್ಮ ಪುಣ್ಯ, ಇರಲಿಲ್ಲ. ಗಡಿಯಾರದ ವಿಷಯ ಎಲ್ಲಾ ಹೇಳಿದ್ದೀನಿ. ಚೆನ್ನಾಗಿ ಬೈದಿದ್ದಾಳೆ, ನನ್ನನ್ನ ಮಾತ್ರ. ನಾನು ಮುಳ್ಳು ತಿರುಗಿಸೋದನ್ನ ನೀನು ನೋಡಿದ್ದೆ ಅಂತ ಬರೀಲಿಲ್ಲ. ಅದು ಇಲ್ಲೇ ಇರಲಿ.

ಕಾಗದ ತೋರಿಸು ಅಂತ ಕೇಳಬೇಡ. ಅದರಲ್ಲಿ ನನಗೆ ಅಂದಿರೋ ಮಾತು ನಿನ್ನಂಥ ಮರ್ಯಾದಸ್ಥರು ಓದೋ ಹಂಗಿಲ್ಲ.

ಮುಂದಿನ ಭಾನುವಾರ ಹೆಡ್‌ಮಾಸ್ಟರು ಹಾಲಿನ ಬಾಗಿಲು ತೆಗೆಸ್ತಾರಂತೆ. ಆ ಕಡೆ ಯಾರೂ ಬರಲಿಕ್ಕಿಲ್ಲ. ಬಂದ್ರೂ ಬರಬಹುದು. "ನಾವು ಕೂತಿರೋಣ, ಕೂತಿರೋದು ನಮ್ಮ ಕೆಲಸ" ಅಂದ್ರು. ಬೈಲಪ್ಪ ಹೆದರ್ತಾನೆ, ಬರಲ್ಲ. ನೀನು ಬರೋದು ಕಷ್ಟ ಅಂತ ಗೊತ್ತು, ಇಮ್ರಾನನ್ನ ಕೇಳಿ ಬಾ. ನಾನು ಬಾಗಿಲ ಹತ್ರ ಕೂತಿರ್ತೀನಿ. ಬಾಯಿ ತೆರೆಯಲ್ಲ.

ನಿದ್ದೆ ಮಾಡೋ. ಅವಳಿಗೆ ಏನೂ ಕೇಳಿಸಿಲ್ಲ. ಕೇಳಿಸಿದ್ರೆ ನನಗೆ ಹೇಳ್ತಿರಲಿಲ್ವಾ?

ರಾಮಾಂಜಿನಪ್ಪ